ವಚನ ಹಾಡುವವರಿಗೆ ಕಂಠಸಾಧನೆ

ವಚನಗಳು ಓದತಕ್ಕವು, ಅರ್ಥವಿಚಾರ ಮಾಡತಕ್ಕವು. ಅದರಂತೆಯೇ ಹಾಡತಕ್ಕವೂ ಹೌದು. ಅವು ಷಟ್ಪದಿ ರಗಳೆಗಳಂತೆ ನಿಯತವಾದ ಛಂದಸ್ಸಿಗೆ ಒಳಪಟ್ಟವುಗಳಲ್ಲವಾದರೂ ಅವುಗಳ ಒಳಗೆ ಒಂದು ಲಯವಿರುವುದು. ಶರಣರ ಹೆಸರಿನಲ್ಲಿ ರಾಗತಾಳಗಳ ಸೂಚನೆಯುಳ್ಳ ಸ್ವರವಚನಗಳು ಹಸ್ತಪ್ರತಿಗಳಲ್ಲಿ ದೊರೆತಿರುವುದರಿಂದ, ಹಾಡುವ ಪದ್ಧತಿಯು ನಿನ್ನೆ ಮೊನ್ನೆಯದಲ್ಲವೆಂಬುದು ಸ್ಪಷ್ಟವಾಗುವುದು. ಆದರೆ ಹಾಡಬೇಕಾದವರಲ್ಲಿ ಬಹುಮಂದಿ ಸಂಗೀತಗಾರರಲ್ಲ. ಹೊಲ, ಅಂಗಡಿ, ಕಚೇರಿ, ಅಡಿಗೆಮನೆಗಳಲ್ಲಿ ದಿನವೆಲ್ಲ ದುಡಿದು ಸಂಜೆಗೆ ಭಜನೆಗೆ ಬಂದು ಕೂಡುವ ಗೃಹಸ್ಥರು. ಅವರ ಕಂಠವು ಹೇಗೆ ಸುಧಾರಿಸಬೇಕು ಎಂಬುದೇ ಈ ಪಾಠದ ವಿಷಯ.

ವರದಾ ನದಿಯ ಸೀಮೆಯ ಕರ್ಜಗಿಯಲ್ಲಾಗಲಿ, ನೆರೆಯ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳ ಹಳ್ಳಿಗಳಲ್ಲಾಗಲಿ, ಶ್ರಾವಣ ಸೋಮವಾರದ ಭಜನೆಯಲ್ಲಿ ಎರಡು ಬಗೆಯ ಜನರು ಕಾಣಸಿಗುವರು. ಒಬ್ಬನು ಶ್ರುತಿಯನ್ನೂ ಜೊತೆಯವರನ್ನೂ ಲೆಕ್ಕಿಸದೆ, ಭಕ್ತಿಯೊಂದಿದ್ದರೆ ಸಾಕೆಂದು ಗಟ್ಟಿಯಾಗಿ ಕೂಗುವನು. ಇನ್ನೊಬ್ಬನು ಗೋಡೆಗೆ ಆತು ಕುಳಿತು ತುಟಿಯನ್ನೇ ಬಿಚ್ಚನು. ಎಂದೋ ಚಿಕ್ಕಂದಿನಲ್ಲಿ ಯಾರೋ, “ನಿನ್ನ ದನಿ ಒಡಕು, ನೀನು ಸುಮ್ಮನಿರು” ಎಂದಿರುತ್ತಾರೆ. ಆ ಒಂದು ಮಾತಿಗೆ ಅವನು ಮೂವತ್ತು ವರ್ಷ ಸುಮ್ಮನಿದ್ದಾನೆ. ಹೆಣ್ಣುಮಕ್ಕಳಲ್ಲಿ ಈ ಎರಡನೆಯ ಬಗೆಯವರು ಇನ್ನೂ ಹೆಚ್ಚು. ಇಬ್ಬರ ತಪ್ಪೂ ಒಂದೇ ಮೂಲದಿಂದ ಹುಟ್ಟಿದುದು. ಕಂಠವೆಂಬುದು ಹುಟ್ಟಿನೊಡನೆ ಬಂದುದು, ಅದು ಇದ್ದಂತೆಯೇ ಇರುವುದು, ತಿದ್ದಲು ಬಾರದು ಎಂಬ ನಂಬಿಕೆಯೇ ಆ ಮೂಲ. ಈ ನಂಬಿಕೆಯನ್ನು ಮೊದಲು ಪರೀಕ್ಷಿಸಬೇಕು.

ಪೂರ್ವಪಕ್ಷ

ಇಲ್ಲಿ ಎರಡು ಆಕ್ಷೇಪಗಳು ಬರುವುವು. ಮೊದಲನೆಯದು: ಬಸವಣ್ಣನವರೇ ಒಂದು ವಚನದಲ್ಲಿ, ತಾಳದ ಗಣಿತವನ್ನು ತಾವು ಅರಿತವರಲ್ಲವೆಂದೂ ಮನಸ್ಸಿಗೆ ಪ್ರೀತಿಯಾದಂತೆ ಹಾಡುವುದಾಗಿಯೂ ಹೇಳಿಕೊಂಡಿರುವರು. ಹೀಗಿರಲು ಭಕ್ತನಿಗೆ ಸ್ವರಸಾಧನೆಯ ಗೊಡವೆ ಏಕೆ? ಎರಡನೆಯದು: ೧೩ನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಶಾರ್ಙ್ಗದೇವನು ‘ಶಾರೀರ’ವೆಂಬುದನ್ನು ವಿವರಿಸುವಾಗ, ಅದು ಅಭ್ಯಾಸವಿಲ್ಲದೆಯೇ ರಾಗವನ್ನು ತೋರಬಲ್ಲ, ದೇಹದೊಡನೆ ಹುಟ್ಟಿದ ಧ್ವನಿಶಕ್ತಿಯೆಂದು ಹೇಳಿರುವನು. ಹುಟ್ಟಿನಿಂದ ಬಾರದುದು ದುಡಿಮೆಯಿಂದ ಬರುವುದೆಂತು?

ಸಮಾಧಾನ

ಮೊದಲನೆಯ ಆಕ್ಷೇಪಕ್ಕೆ ಉತ್ತರವಿದು. ಆ ವಚನವು ದೇವರ ಮುಂದೆ ನಿಂತ ಭಕ್ತನ ವಿನಯದ ಮಾತು. ಕಲಿಯಲೊಲ್ಲದವನಿಗೆ ಕೊಟ್ಟ ರಿಯಾಯತಿಯಲ್ಲ. ಅದೇ ಬಸವಣ್ಣನವರು ಮತ್ತೊಂದು ವಚನದಲ್ಲಿ ತಮ್ಮ ಶರೀರವನ್ನೇ ವಾದ್ಯವನ್ನಾಗಿ ಮಾಡಿ ನುಡಿಸಬೇಕೆಂದು ದೇವರನ್ನು ಬೇಡಿರುವರು. ವಾದ್ಯವೆಂದ ಮೇಲೆ ಶ್ರುತಿಗೂಡಿಸುವ ಕೆಲಸ ತಪ್ಪಿದ್ದಲ್ಲ. ತಂತಿಯನ್ನು ಸಡಿಲು ಬಿಟ್ಟವನು ನುಡಿಸುವವನನ್ನು ದೂರಬಾರದು. ಹಾಡಲು ಕಾರಣವನ್ನು ಕೊಡುವುದು ಪ್ರೀತಿ. ಹಾಡುವ ಉಪಕರಣವನ್ನು ಹದಗೊಳಿಸುವುದು ಕಾಯಕ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು. ಅದೂ ಅಲ್ಲದೆ, ಏಕಾಂತದಲ್ಲಿ ಹಾಡುವವನ ಮಾತು ಬೇರೆ. ನಾಲ್ಕು ಜನರ ನಡುವೆ ಹಾಡುವವನಿಗೆ ಕೇಳುವವರ ಹಂಗು ಇರುವುದು. ವಚನವು ಮೊದಲು ಮಾತು, ಆಮೇಲೆ ಹಾಡು. ಮಾತೇ ಕೇಳಿಸದಿದ್ದರೆ ಕೇಳುವವನಿಗೆ ಸಿಕ್ಕಿದ್ದೇನು?

ಎರಡನೆಯ ಆಕ್ಷೇಪಕ್ಕೆ ಶಾರ್ಙ್ಗದೇವನಲ್ಲಿಯೇ ಉತ್ತರವಿದೆ. ಅವನು ಗಾಯಕರಲ್ಲಿ ಕಾಣುವ ೨೫ ದೋಷಗಳನ್ನು ಎಣಿಸಿರುವನು. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ. ಅಂಜಿಕೊಂಡು ಹಾಡುವವನು ಭೀತ. ಮುಖದ, ಕೊರಳಿನ ನರಗಳನ್ನು ಉಬ್ಬಿಸುವವನು ಝೋಂಬಕ. ಕೊರಳನ್ನು ಸೋರೆಬುರುಡೆಯಂತೆ ಊದಿಸುವವನು ತುಂಬಕಿ. ಕುತ್ತಿಗೆಯನ್ನು ಕೊಂಕಿಸುವವನು ವಕ್ರಿ. ಅಕ್ಷರ ತಿಳಿಯದಂತೆ ಹಾಡುವವನು ಅವ್ಯಕ್ತ. ಮೂಗಿನಿಂದ ಹಾಡುವವನು ಸಾನುನಾಸಿಕ. ಇವುಗಳಲ್ಲಿ ಯಾವುದು ಹುಟ್ಟಿನಿಂದ ಬಂದುದು? ಎಲ್ಲವೂ ರೂಢಿಯಿಂದ ಬಂದವು. ರೂಢಿಯಿಂದ ಬಂದುದು ರೂಢಿಯಿಂದಲೇ ಹೋಗುವುದು. ಎಲ್ಲರೂ ಗವಾಯಿಗಳಾಗಲಾರರೆಂಬುದು ನಿಜ. ಆದರೆ ಈಗ ಹಾಡುತ್ತಿರುವುದಕ್ಕಿಂತ ಚೆನ್ನಾಗಿ ಹಾಡಲಾರದವರು ಯಾರೂ ಇಲ್ಲ.

ಈ ನಾಡಿನ ನಿದರ್ಶನಗಳು

ಇದಕ್ಕೆ ದೂರದ ಸಾಕ್ಷಿಗಳು ಬೇಡ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲು ಕರ್ಜಗಿಗೆ ಬರುವ ಮುನ್ನ ಕುಂದಗೋಳವನ್ನು ದಾಟುವುದು. ಆ ಕುಂದಗೋಳದ ಸವಾಯಿ ಗಂಧರ್ವರ (೧೮೮೬–೧೯೫೨) ಹುಟ್ಟುಕಂಠವು ಅಷ್ಟೇನೂ ನಯವಾದುದಾಗಿರಲಿಲ್ಲವೆಂದೂ, ಉಸ್ತಾದ ಅಬ್ದುಲ್ ಕರೀಮ್ ಖಾನರ ಶಿಷ್ಯತ್ವದಲ್ಲಿ ಪಟ್ಟ ದೀರ್ಘ ಪರಿಶ್ರಮದಿಂದ ಅದು ಒಲಿಯಿತೆಂದೂ ಸಂಗೀತಜ್ಞರಲ್ಲಿ ಪ್ರಸಿದ್ಧವಾಗಿದೆ. ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಮೊದಲಿನ ತೆಳುವಾದ ಕಂಠವು ಗಂಟಲಿನ ಚಿಕಿತ್ಸೆಯ ತರುವಾಯ ಗಂಡುದನಿಯಂತೆ ಭಾರವಾಯಿತು. ಆ ತಾಯಿ ಕಳೆದುಹೋದ ದನಿಗಾಗಿ ಮರುಗುತ್ತ ಕೂಡಲಿಲ್ಲ. ಉಳಿದ ದನಿಯನ್ನೇ ಸಾಧಿಸಿ, ಅದನ್ನೇ ತಮ್ಮ ಗುರುತಾಗಿ ಮಾಡಿಕೊಂಡರು.

ಇದೇ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟಿನಿಂದಲೇ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಹಿಂದುಸ್ತಾನಿ ಪದ್ಧತಿಗಳೆರಡನ್ನೂ ಕಲಿತು, ೧೯೪೪ರಲ್ಲಿ ಲಿಂಗೈಕ್ಯರಾಗುವವರೆಗೆ ಅಂಧರಿಗೂ ಅನಾಥರಿಗೂ ಸಂಗೀತವಿದ್ಯೆಯನ್ನು ಧಾರೆಯೆರೆದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕಾರ್ಯವನ್ನು ಮುಂದುವರಿಸಿದರು. ಅಲ್ಲಿಗೆ ಬಂದ ಮಕ್ಕಳು ಸಂಗೀತದ ಮನೆತನಗಳಿಂದ ಆರಿಸಿ ತಂದವರಲ್ಲ. ಬಂದವರಿಗೆ ಕಲಿಸಲಾಯಿತು, ಕಲಿಸಿದವರಿಗೆ ಕಂಠ ಬಂದಿತು.

ನಾದೋತ್ಪತ್ತಿ

ನಾದವು ಹುಟ್ಟುವ ಬಗೆಯನ್ನು ತಿಳಿದರೆ ಅರ್ಧ ದೋಷಗಳು ತಾವಾಗಿ ಹೋಗುವುವು. ಮನಸ್ಸು ದೇಹದ ಅಗ್ನಿಯನ್ನು ಎಬ್ಬಿಸುವುದು, ಅಗ್ನಿಯು ವಾಯುವನ್ನು ಪ್ರೇರಿಸುವುದು, ಆ ವಾಯುವು ಎದೆಯಲ್ಲಿ ಸಂಚರಿಸಿ ಮಂದ್ರಸ್ವರವನ್ನು ಹುಟ್ಟಿಸುವುದು ಎಂದು ಪಾಣಿನೀಯ ಶಿಕ್ಷೆಯು ಹೇಳುವುದು. ಇಂದಿನ ಶರೀರಶಾಸ್ತ್ರವೂ ಮೂಲವು ಉಸಿರೇ ಎಂದು ಒಪ್ಪುವುದು. ಗಂಟಲಿನೊಳಗಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಮೆತ್ತನೆಯ ಮಡಿಕೆಗಳಿವೆ. ಇವುಗಳಿಗೆ ಧ್ವನಿತಂತುಗಳೆಂದು ಹೆಸರು. ಶ್ವಾಸಕೋಶದಿಂದ ಮೇಲೇರುವ ಉಸಿರು ಇವುಗಳನ್ನು ಅದುರಿಸುವುದು. ಮಾತನಾಡುವಾಗ ಗಂಡಸರಲ್ಲಿ ಇವು ಸೆಕೆಂಡಿಗೆ ಸುಮಾರು ೧೨೦ ಸಲ, ಹೆಂಗಸರಲ್ಲಿ ಸುಮಾರು ೨೦೦ ಸಲ ಅದುರುವುವು. ಅಲ್ಲಿ ಹುಟ್ಟಿದ ಸಣ್ಣ ದನಿಯು ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ತುಂಬಿಕೊಂಡು ದೊಡ್ಡದಾಗುವುದು. ತಂಬೂರಿಗೆ ಬುರುಡೆಯಿರುವಂತೆ ದೇಹಕ್ಕೆ ಈ ಪೊಳ್ಳು.

ಇದರಿಂದ ಒಂದು ಸಂಗತಿಯು ಸಿದ್ಧವಾಯಿತು. ದನಿಯನ್ನು ಹೊರಡಿಸುವ ಬಲವು ಉಸಿರಿನದು, ತುಂಬುವ ಬಲವು ಬಾಯಿಯದು. ಕೊರಳಿಗೆ ಬಲಪ್ರಯೋಗದ ಕೆಲಸವೇ ಇಲ್ಲ. ಕೊರಳನ್ನು ಬಿಗಿಹಿಡಿದು ಹಾಡುವವನು ತಂಬೂರಿಯ ತಂತಿಯನ್ನು ಬೆರಳಿನಿಂದ ಒತ್ತಿಹಿಡಿದೇ ಮೀಟಿದಂತೆ ಮಾಡುವನು.

ಶ್ರುತಿ

ಗೃಹಸ್ಥರ ಭಜನೆಯಲ್ಲಿ ಕಂಠ ಕೆಡುವುದಕ್ಕೆ ಮುಖ್ಯ ಕಾರಣವು ತಪ್ಪು ಶ್ರುತಿ. ಮುಂದಾಳಾದವನು ತನ್ನ ಎತ್ತರದ ದನಿಗೆ ತಕ್ಕಂತೆ ಪೇಟಿಯನ್ನು ಹಿಡಿಯುವನು; ಮಿಕ್ಕವರು ಗದ್ದವನ್ನೆತ್ತಿ, ನರವುಬ್ಬಿಸಿ ಅವನನ್ನು ಹಿಂಬಾಲಿಸುವರು. ಮೂರನೆಯ ಪದಕ್ಕೆ ಮುದುಕರು ಸುಮ್ಮನಾಗುವರು, ಐದನೆಯದಕ್ಕೆ ಉಳಿದವರ ಗಂಟಲು ಕಟ್ಟುವುದು. ಸಾಮಾನ್ಯವಾಗಿ ಗಂಡಸರಿಗೆ ಪೇಟಿಯ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಈ ಮನೆಗಳಲ್ಲಿ ಒಂದು ಷಡ್ಜವು ಹಿತವಾಗುವುದು. ಹೆಂಗಸರಿಗೆ ಬಿಳಿ ಐದು, ಕಪ್ಪು ನಾಲ್ಕು ಅಥವಾ ಅದರ ಆಸುಪಾಸಿನ ಮನೆಗಳು ಹೊಂದುವುವು. ಗದ್ದವನ್ನು ಎತ್ತದೆ, ಹುಬ್ಬು ಗಂಟಿಕ್ಕದೆ ಮೇಲಿನ ಷಡ್ಜವನ್ನು ಮುಟ್ಟಲಾಗುವುದೇ ತನ್ನ ಶ್ರುತಿಯೆಂದು ತಿಳಿಯಬೇಕು. ಭಜನೆಯ ಮುಂದಾಳು ಶ್ರುತಿಯನ್ನು ತನಗೆಂದು ಹಿಡಿಯಬಾರದು. ಕುಳಿತವರಲ್ಲಿ ದುರ್ಬಲ ಕಂಠದವರಿಗೆಂದು ಹಿಡಿಯಬೇಕು. ಜೊತೆಯವರನ್ನು ಕೂಡಿಸಿಕೊಂಡು ಹೋಗುವ ಧರ್ಮವು ಇಲ್ಲಿಂದಲೇ ಆರಂಭವಾಗುವುದು.

“ನನಗೆ ಶ್ರುತಿ ಹತ್ತುವುದಿಲ್ಲ” ಎನ್ನುವವರು ಬಹಳ. ನಿಜವಾಗಿ ಸ್ವರದ ಭೇದವೇ ತಿಳಿಯದವರು ವಿರಳ. ಉಳಿದವರ ಕೊರತೆಯು ಕಂಠದ್ದಲ್ಲ, ಕಿವಿಯ ಅವಸರದ್ದು. ಷಡ್ಜವು ಕೇಳಿಬಂದ ಕೂಡಲೆ ಬಾಯಿ ತೆರೆಯಬಾರದು. ಮೊದಲು ಕೇಳಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಮ್‌ಕಾರದಲ್ಲಿ ಅದರೊಡನೆ ಕೂಡಬೇಕು, ಎರಡೂ ಒಂದಾದುವೆಂದು ತೋರಿದ ಮೇಲೆ ಆಕಾರಕ್ಕೆ ಬಾಯಿ ಬಿಡಬೇಕು. ಇದಕ್ಕೆ ತಂಬೂರಿಯೇ ಬೇಕೆಂದಿಲ್ಲ. ಈಗ ಮನೆಮನೆಯಲ್ಲಿರುವ ಮೊಬೈಲಿನಲ್ಲಿಯೂ ತಂಬೂರಿಯ ನಾದವನ್ನು ಹಚ್ಚಿಕೊಳ್ಳಬಹುದು. ಅದರಲ್ಲಿಯೇ ತನ್ನ ಹಾಡನ್ನು ಮುದ್ರಿಸಿ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು. ಮೊದಲ ಸಲ ಕೇಳಿದಾಗ, “ಇದು ನನ್ನ ದನಿಯೇ ಅಲ್ಲ” ಎನಿಸುವುದು. ಏಕೆಂದರೆ ಹಾಡುವವನು ತನ್ನ ದನಿಯನ್ನು ಗಾಳಿಯ ಮೂಲಕ ಮಾತ್ರವಲ್ಲ, ತಲೆಯ ಎಲುಬಿನ ಮೂಲಕವೂ ಕೇಳುತ್ತಿರುವನು. ಹೆರರಿಗೆ ಕೇಳಿಸುವುದು ಮುದ್ರಿತವಾದ ದನಿಯಂಥದೇ. ಅದನ್ನು ಕೇಳಿ ನಾಚಬೇಕಾಗಿಲ್ಲ, ತಿದ್ದಿಕೊಂಡರಾಯಿತು.

ಉಸಿರು

ಅಂಗಾತ ಮಲಗಿ ಹೊಟ್ಟೆಯ ಮೇಲೆ ಅಂಗೈಯನ್ನಿಟ್ಟುಕೊಂಡು ಉಸಿರಾಡಿದರೆ ಹೊಟ್ಟೆ ಏರಿ ಇಳಿಯುವುದು ಗೊತ್ತಾಗುವುದು. ಹಾಡುವಾಗಿನ ಉಸಿರೂ ಇದೇ. ಹೆಗಲನ್ನು ಎತ್ತಿ ಎದೆಯ ಮೇಲ್ಭಾಗಕ್ಕೆ ಸೆಳೆದುಕೊಂಡ ಉಸಿರು ಬೇಗನೆ ಮುಗಿಯುವುದು, ಕೊರಳನ್ನೂ ಬಿಗಿಯುವುದು. ಹೀಗೆ ಸೆಳೆದುಕೊಂಡ ಉಸಿರನ್ನು ಸ್‌ಕಾರದಿಂದ ಒಂದೇ ಸಮನಾಗಿ ಬಿಡುತ್ತ ಮನಸ್ಸಿನಲ್ಲಿ ಎಣಿಸಬೇಕು. ಮೊದಲ ವಾರ ಹನ್ನೆರಡರವರೆಗೆ ಬಂದರೆ ಸಾಕು. ತಿಂಗಳುಗಳಲ್ಲಿ ಅದು ಇಪ್ಪತ್ತನ್ನು ದಾಟುವುದು. ತಲೆ ತಿರುಗುವಷ್ಟು ಹಟ ಮಾಡಬಾರದು.

ಉಸಿರು ಕಡಿಮೆಯಿರುವ ವೃದ್ಧರು ನಿರಾಶರಾಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು (೧೯೨೪–೧೯೯೨) ಕ್ಷಯರೋಗದಿಂದ ಒಂದು ಶ್ವಾಸಕೋಶದ ಬಲವನ್ನೇ ಕಳೆದುಕೊಂಡು ವರ್ಷಗಟ್ಟಲೆ ಹಾಡುವುದನ್ನು ನಿಲ್ಲಿಸಬೇಕಾಗಿ ಬಂದಿತು. ಮರಳಿ ಹಾಡಲು ತೊಡಗಿದಾಗ ಅವರು ಚಿಕ್ಕ ಚಿಕ್ಕ ಸ್ವರಸಮೂಹಗಳಲ್ಲಿಯೇ ದೊಡ್ಡ ಅರ್ಥವನ್ನು ತುಂಬಿದರು.

ಉಚ್ಚಾರ

ಹೆಣ್ಣು ಹುಲಿಯು ತನ್ನ ಮರಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುವಾಗ ಅವು ಬೀಳಲೂಬಾರದು, ಅವುಗಳಿಗೆ ಹಲ್ಲು ನಾಟಲೂಬಾರದು. ಅಕ್ಷರಗಳನ್ನೂ ಹಾಗೆಯೇ ನುಡಿಯಬೇಕೆಂದು ಪಾಣಿನೀಯ ಶಿಕ್ಷೆಯು ವಿಧಿಸುವುದು. ಇದಕ್ಕಿಂತ ಮೇಲಾದ ಉಪಮೆ ಸಿಗಲಾರದು. ಅಕ್ಷರಗಳನ್ನು ನುಂಗುವವನು ಮರಿಯನ್ನು ಕೆಡವಿದನು. ಒತ್ತಕ್ಷರಗಳನ್ನು ಜಜ್ಜಿ ನುಡಿಯುವವನು ಮರಿಯನ್ನು ಕಚ್ಚಿದನು. ವಚನದಲ್ಲಿ ಮಾತಿಗೆ ತಕ್ಕಂತೆ ಧಾಟಿಯು ಬಾಗಬೇಕೇ ಹೊರತು ಧಾಟಿಗಾಗಿ ಮಾತು ಮುರಿಯಬಾರದು. ಶಬ್ದದ ನಡುವೆ ಉಸಿರೆಳೆದು ಒಂದು ಮಾತನ್ನು ಎರಡು ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆದುದರಿಂದ ಹಾಡಲಿರುವ ವಚನವನ್ನು ಮೊದಲು ಅರ್ಥ ತಿಳಿದು ನಾಲ್ಕು ಸಲ ಓದಬೇಕು. ಎಲ್ಲಿ ಮಾತು ನಿಲ್ಲುವುದೋ ಅಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡಬೇಕು. ಆ ಗುರುತುಗಳಲ್ಲಿ ಮಾತ್ರ ಉಸಿರು ತೆಗೆದುಕೊಳ್ಳಬೇಕು. ಮಲ್ಲಿಕಾರ್ಜುನ ಮನಸೂರರ (೧೯೧೦–೧೯೯೨) ವಚನಗಾಯನದ ಮುದ್ರಣಗಳನ್ನು ಕೇಳುವವರು ರಾಗವನ್ನು ಮಾತ್ರ ಕೇಳದೆ, ಅವರು ಎಲ್ಲಿ ನಿಲ್ಲುವರು, ಎಲ್ಲಿ ಉಸಿರಾಡುವರು ಎಂಬುದನ್ನು ಗಮನಿಸಿದರೆ ಅದೇ ಒಂದು ಪಾಠವಾಗುವುದು.

ದಿನದ ಅಭ್ಯಾಸ

ದುಡಿಯುವ ಗೃಹಸ್ಥನಿಗೆ ದಿನಕ್ಕೆ ಅರ್ಧ ತಾಸು ಸಾಕು. ವಾರಕ್ಕೊಮ್ಮೆ ಮೂರು ತಾಸು ಕೂಗುವುದಕ್ಕಿಂತ ನಿತ್ಯದ ಅರ್ಧ ತಾಸು ಫಲಕಾರಿ. ಕ್ರಮವು ಹೀಗಿರಲಿ.

೧. ಐದು ನಿಮಿಷ ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೇಲೆ ಹೇಳಿದ ಉಸಿರಿನ ಅಭ್ಯಾಸ.

೨. ಐದು ನಿಮಿಷ ಬಾಯಿ ಮುಚ್ಚಿ ಮ್‌ಕಾರದಲ್ಲಿ ಷಡ್ಜ. ತುಟಿ ಮೂಗುಗಳಲ್ಲಿ ನವುರಾದ ಕಂಪನವು ತಿಳಿಯಬೇಕು.

೩. ಐದು ನಿಮಿಷ ಮಂದ್ರಸಾಧನೆ. ಷಡ್ಜದಿಂದ ಒಂದೊಂದೇ ಸ್ವರ ಕೆಳಗಿಳಿದು, ಶ್ರಮವಿಲ್ಲದೆ ನಿಲ್ಲುವಷ್ಟು ದೂರ ಹೋಗಿ ಮರಳಬೇಕು. ಬೆಳಿಗ್ಗೆ ಎದೆಯಿಂದ ಹೊರಡುವ, ಹುಲಿಯ ದನಿಯಂಥ ಸ್ವರದಲ್ಲಿ ಪಠಿಸಬೇಕೆಂದು ಶಿಕ್ಷಾಗ್ರಂಥವೂ ಹೇಳುವುದು. ಗವಾಯಿಗಳ ಬೆಳಗಿನ ಖರ್ಜಸಾಧನೆಯೂ ಇದೇ.

೪. ಐದು ನಿಮಿಷ ವಿಲಂಬದಲ್ಲಿ ಸರಿಗಮದ ಆರೋಹ ಅವರೋಹ. ಅನಂತರ ಅದೇ ಆಕಾರದಲ್ಲಿ.

೫. ಉಳಿದ ಹತ್ತು ನಿಮಿಷ ಒಂದೇ ವಚನ. ಮೊದಲು ಷಡ್ಜವೊಂದರಲ್ಲಿಯೇ ಅದನ್ನು ಪಠಿಸಿ, ಮಾತು ಸ್ಪಷ್ಟವಾದ ಮೇಲೆ ಧಾಟಿಗೆ ಹಚ್ಚಬೇಕು. ಒಂದು ತಿಂಗಳಿಗೆ ಒಂದೇ ವಚನವಾದರೂ ಚಿಂತೆಯಿಲ್ಲ.

ಕಂಠದ ಪಥ್ಯ

ಈ ಸೀಮೆಯ ಕಂಠಕ್ಕೆ ಈ ಸೀಮೆಯದೇ ತೊಂದರೆಗಳುಂಟು. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದು, ಖಾರವು ಕಡಿಮೆಯಾದುದು. ಆದರೂ ಸುಗ್ಗಿಯಲ್ಲಿ ತೊಟ್ಟು ಮುರಿಯುವವರಿಗೂ ಚೀಲ ಹೊರುವವರಿಗೂ ಅದರ ಧೂಳು ಗಂಟಲಿಗೆ ಇಳಿಯದೆ ಬಿಡದು. ಹತ್ತಿಯ ಧೂಳಿನ ಕೆಲಸವೂ ಅಂಥದೇ. ಅಂಥ ಕೆಲಸದಲ್ಲಿ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮನೆಗೆ ಬಂದು ಬಾಯಿ ಮುಕ್ಕಳಿಸಿ ಬಿಸಿನೀರಿನ ಆವಿಯನ್ನು ತೆಗೆದುಕೊಳ್ಳಬೇಕು. ಗಂಟಲು ಕೆರೆಯುತ್ತಿದ್ದರೆ ಆ ಸಂಜೆ ಹಾಡದೆ ತಾಳ ಹಾಕಿದರೂ ಭಜನೆಯಾಗುವುದು. ಹೊಲದಲ್ಲಿ ಹಕ್ಕಿ ಓಡಿಸುತ್ತ, ಎತ್ತುಗಳನ್ನು ಕೂಗುತ್ತ ದನಿಯನ್ನು ಸವೆಸಿದವರು ಸಂಜೆಗೆ ಕೆಳಗಿನ ಶ್ರುತಿಯಲ್ಲಿ ಹಾಡಲಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ರೂಢಿಯು ಧ್ವನಿತಂತುಗಳನ್ನು ಒಂದಕ್ಕೊಂದು ಅಪ್ಪಳಿಸುವುದು. ಅದರ ಬದಲು ಒಂದು ಗುಟುಕು ನೀರು ಕುಡಿಯಬೇಕು. ತಂಬಾಕು, ಗುಟಖಾ, ಬೀಡಿಗಳು ಕಂಠಕ್ಕೆ ಪರಮವೈರಿಗಳು. ರಾತ್ರಿ ತಡವಾಗಿ ಹೊಟ್ಟೆತುಂಬ ಉಂಡು ಕೂಡಲೆ ಮಲಗಿದರೆ ಹೊಟ್ಟೆಯ ಹುಳಿಯು ಗಂಟಲಿಗೆ ಬಂದು ಬೆಳಗಿನ ದನಿಯನ್ನು ಕೆಡಿಸುವುದು.

ಜ್ಯೇಷ್ಠಮಧು, ಶುಂಠಿ ಮೊದಲಾದವು ಗಂಟಲಿಗೆ ಹಿತವನ್ನು ಕೊಡುವುವು ನಿಜ. ಆದರೆ ನುಂಗಿದುದು ಅನ್ನನಾಳಕ್ಕೆ ಹೋಗುವುದಲ್ಲದೆ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಕಂಠವನ್ನು ಕೊಡುವ ಲೇಹವೂ ಇಲ್ಲ, ಗುಳಿಗೆಯೂ ಇಲ್ಲ. ದನಿಯು ಮೂರು ವಾರಗಳ ಮೇಲೂ ಒಡೆದೇ ಇದ್ದರೆ, ಅದರಲ್ಲಿಯೂ ತಂಬಾಕಿನ ಚಟವಿದ್ದವರು, ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸತಕ್ಕದ್ದು.

ಹುಡುಗರ ವಿಷಯ

ಹನ್ನೆರಡರಿಂದ ಹದಿನೈದು ವರ್ಷದೊಳಗೆ ಗಂಡುಹುಡುಗರ ಧ್ವನಿಪೆಟ್ಟಿಗೆ ಬೆಳೆಯುವುದು; ದನಿಯು ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುವುದು. ಈ ಕಾಲದಲ್ಲಿ ದನಿ ಒಡೆಯುವುದು ರೋಗವಲ್ಲ, ಬೆಳವಣಿಗೆ. ಆದರೆ ಇದೇ ಸಮಯದಲ್ಲಿ ನಗೆಯಾಡಿ ಹುಡುಗನನ್ನು ಭಜನೆಯಿಂದ ಎಬ್ಬಿಸುವುದುಂಟು. ಹಾಗೆ ಎದ್ದುಹೋದವನು ಮರಳಿ ಬರುವುದು ಅಪರೂಪ. ಲೇಖನದ ಆರಂಭದಲ್ಲಿ ಹೇಳಿದ, ಗೋಡೆಗೆ ಆತು ಕುಳಿತ ಆ ಮೌನಿಯು ಬಹುಮಟ್ಟಿಗೆ ಇಂಥ ಹುಡುಗನೇ. ಅವನ ಕೈಯಲ್ಲಿ ತಾಳವನ್ನೋ ದಮ್ಮಡಿಯನ್ನೋ ಕೊಟ್ಟು, ಕೆಳಸ್ವರಗಳಲ್ಲಿ ಮೆಲ್ಲಗೆ ಹಾಡಲು ಬಿಟ್ಟು, ವರ್ಷವೆರಡು ವರ್ಷ ಕಾಯುವುದು ಹಿರಿಯರ ಧರ್ಮ.

ಉಪಸಂಹಾರ

ಕೊನೆಯದಾಗಿ ಒಂದು ಮಾತು. ವಚನದ ಅಂಕಿತವು ಸಾಮಾನ್ಯವಾಗಿ ಕೊನೆಯಲ್ಲಿ ಬರುವುದು. ಅಭ್ಯಾಸವಿಲ್ಲದವನ ಉಸಿರು ಮುಗಿಯುವುದೂ ಅಲ್ಲಿಯೇ. ಅದರಿಂದ ಇಡೀ ವಚನವನ್ನು ಗಟ್ಟಿಯಾಗಿ ಹಾಡಿ, ದೇವರ ಹೆಸರು ಬರುವ ಹೊತ್ತಿಗೆ ದನಿ ಕುಸಿದು, ಶ್ರುತಿ ಇಳಿದು, ಆ ಹೆಸರು ಅರ್ಧವೇ ಕೇಳಿಸುವುದು. ಯಾರಿಗಾಗಿ ಹಾಡಿದೆವೋ ಅವನ ಹೆಸರೇ ಉಸಿರಿಲ್ಲದೆ ಹೋಯಿತು! ಅಂಕಿತಕ್ಕೆ ಮೊದಲು ನಿಂತು, ತುಂಬ ಉಸಿರು ತೆಗೆದುಕೊಂಡು, ಆ ಹೆಸರನ್ನು ಅಕ್ಷರ ಅಕ್ಷರವಾಗಿ, ಶ್ರುತಿಗೆ ಕೂಡಿಸಿ ನುಡಿಯಬೇಕು. ಒಬ್ಬ ಗೃಹಸ್ಥನು ಒಂದು ವರ್ಷದ ಸಾಧನೆಯಿಂದ ಇದೊಂದನ್ನು ಕಲಿತರೂ ಅವನ ಕಂಠಸಾಧನೆಯು ಸಾರ್ಥಕವಾಯಿತೆಂದೇ ತಿಳಿಯತಕ್ಕದ್ದು. ಮೂವತ್ತು ವರ್ಷ ಸುಮ್ಮನಿದ್ದವನು ನಾಳಿನ ಸೋಮವಾರ ಅಂಕಿತದ ಒಂದು ಸಾಲನ್ನಾದರೂ ಎಲ್ಲರೊಡನೆ ಕೂಡಿ ಹಾಡಲಿ. ಅಲ್ಲಿಂದ ಮುಂದಿನದು ತಾನಾಗಿ ಬರುವುದು.